ಮಂಡಿ ಸವೆಯಿತು ಎನ್ನುವ ಮೊದಲು

ಹುಣಸೂರು, ಪಿರಿಯಾಪಟ್ಟಣದ ಕಡೆ ಮೇ ತಿಂಗಳಲ್ಲಿ ಹೊಗೆಸೊಪ್ಪಿನ ಸಸಿ ಹೊಲಕ್ಕೆ ಬಿತ್ತೆಂದರೆ ಅಲ್ಲಿಂದಾಚೆ ಆಳುಕಾಳಿನ ಸೊಂಟಕ್ಕೂ ಮಂಡಿಗೂ ಬಿಡುವಿಲ್ಲ. ಸಸಿ ನೆಡಬೇಕು, ಕಳೆ ತೆಗೆಯಬೇಕು, ಕುಡಿ ಚಿವುಟಬೇಕು. ಬುಡದ ಕಡೆಯಿಂದ ಸೊಪ್ಪು ಮುರಿದು ಹೊತ್ತು ತಂದು ಕಡ್ಡಿಗೆ ಕಟ್ಟಬೇಕು. ಸೊಪ್ಪು ಬೇಯಿಸುವ ಬ್ಯಾರನ್ನಿನೊಳಗಿನ ಅಡ್ಡಮರಗಳ ಮೇಲೆ ಕಾಲೂರಿ ನಿಂತು ಆ ಕಡ್ಡಿಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ ಏರಿಸಬೇಕು. ಬೇಯಿಸಿ ಇಳಿಸಿದ ಮೇಲೆ ದಿನಗಟ್ಟಲೆ ನೆಲದ ಮೇಲೆ ಕುಳಿತು ಗ್ರೇಡ್ ಮಾಡಬೇಕು. ಕೆ.ಆರ್. ನಗರದ ನಾಲೆಯ ಬಯಲಿನಲ್ಲಿ ಭತ್ತದ ನಾಟಿ, ಹೆಗ್ಗಡದೇವನಕೋಟೆಯಲ್ಲಿ ರಾಗಿ, ಹತ್ತಿ, ಶುಂಠಿ. ಬೆಳೆ ಯಾವುದಾದರೂ ದುಡಿಯುವುದು ಕೀಲುಗಳೇ. ಹಾಗಾಗಿ ಈ ನಾಲ್ಕು ತಾಲ್ಲೂಕುಗಳ ಯಾವ ಊರಿಗೆ ಹೋದರೂ ಐವತ್ತು ದಾಟಿದವರ ಬಾಯಲ್ಲಿ ಮಂಡಿನೋವಿನ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೇ ಅದರ ಕಾರಣವೂ ಬರುತ್ತದೆ: ದುಡಿದು ದುಡಿದು ಸವೆದುಹೋಗಿದೆ, ಒಳಗಿನ ಎಣ್ಣೆ ಆರಿಹೋಗಿದೆ. ಗಾಡಿಯ ಅಚ್ಚಿನ ಲೆಕ್ಕ ಇದು. ಕೀಲೆಣ್ಣೆ ಆರಿದರೆ ಅಚ್ಚು ಕಿರುಗುಟ್ಟುತ್ತದೆ, ಉರುಳಿದಷ್ಟೂ ತೇಯುತ್ತದೆ, ಒಂದು ದಿನ ಮುರಿಯುತ್ತದೆ. ಮೈಯ ಕೀಲೂ ಹಾಗೆಯೇ ಎಂದು ನಾವೆಲ್ಲ ನಂಬಿದ್ದೇವೆ.

ಈ ನಂಬಿಕೆಯಿಂದ ನಿತ್ಯದ ಬದುಕಿನಲ್ಲಿ ಎರಡು ತೀರ್ಮಾನಗಳು ಹುಟ್ಟುತ್ತವೆ. ನೋವು ಶುರುವಾದವರು ಉಳಿದಷ್ಟಾದರೂ ಉಳಿಯಲಿ ಎಂದು ನಡೆಯುವುದನ್ನು ಕಡಿಮೆ ಮಾಡುತ್ತಾರೆ, ಮನೆಯವರೂ ಅಕ್ಕರೆಯಿಂದಲೇ ಅವರನ್ನು ಕೂರಿಸುತ್ತಾರೆ. ಕೂರುವ ಅನುಕೂಲವಿಲ್ಲದ ಕೂಲಿಯವರು, ದುಡಿದ ಮೈಗೆ ನೋವು ತಪ್ಪಿದ್ದಲ್ಲ ಎಂದು ಒಪ್ಪಿಕೊಂಡು ಮಾತ್ರೆ ನುಂಗಿ ಮತ್ತೆ ಗದ್ದೆಗೆ ಇಳಿಯುತ್ತಾರೆ. ಈ ಎರಡೂ ತಪ್ಪು ಎಂಬುದು ನನ್ನ ವಾದ. ಅಚ್ಚಿಗೆ ಜೀವವಿಲ್ಲ, ಕೀಲಿಗೆ ಇದೆ. ಅಚ್ಚು ಚಲನೆಯಿಂದ ಸಾಯುತ್ತದೆ, ಕೀಲು ಚಲನೆಯಿಂದಲೇ ಉಣ್ಣುತ್ತದೆ. ಕೀಲನ್ನು ಕೆಡಿಸುವುದು ದುಡಿಮೆಯಲ್ಲ, ದುಡಿಮೆಯ ಒಂದು ಬಗೆ. ಆ ಬಗೆಯನ್ನು ಬದಲಿಸಬಹುದು. ಇದು ಬರೀ ವೈದ್ಯರಿಗೆ ಬಿಡುವ ವಿಷಯವಲ್ಲ. ಪುಣೆ ಜಿಲ್ಲೆಯ ಭಿಗವಣ ಎಂಬ ಹಳ್ಳಿಯಲ್ಲಿ 1996ರಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡ ಮನೆಮನೆಗೆ ಹೋಗಿ ಕೇಳಿದಾಗ, ವಯಸ್ಕರಲ್ಲಿ ಹತ್ತಿರಹತ್ತಿರ ಐವರಿಗೊಬ್ಬರು ಮೈಕೈ ಕೀಲುಗಳ ನೋವು ಹೇಳಿಕೊಂಡಿದ್ದರು. ಕಬ್ಬು, ಜೋಳದ ಆ ಹಳ್ಳಿಯ ಬದುಕಿಗೂ ನಮ್ಮ ಕಡೆಯ ಬದುಕಿಗೂ ಅಂಥ ದೂರವೇನಿಲ್ಲ.

ಎರಡು ಮೂಳೆ ಕೂಡುವ ಜಾಗವೆಲ್ಲ ಕೀಲೇ. ವಯಸ್ಕರ ಮೈಯಲ್ಲಿರುವ 206 ಮೂಳೆಗಳಲ್ಲಿ ಗಂಟಲಿನ ನಾಲಿಗೆಯ ಬುಡದ ಪುಟ್ಟ ಮೂಳೆ ಒಂದನ್ನು ಬಿಟ್ಟರೆ ಮಿಕ್ಕವೆಲ್ಲ ಬೇರೊಂದು ಮೂಳೆಗೆ ಕೂಡಿಕೊಂಡೇ ಇವೆ. ಎಲ್ಲ ಕೀಲುಗಳೂ ಆಡುವುದಿಲ್ಲ. ತಲೆಬುರುಡೆಯ ಮೂಳೆಗಳು ಹೊಲಿಗೆ ಹಾಕಿದಂತೆ ಬೆಸೆದಿರುತ್ತವೆ, ಬೆನ್ನುಮೂಳೆಯ ಒಂದೊಂದು ಮಣಿಯ ನಡುವೆ ಸ್ವಲ್ಪವೇ ಸಡಿಲ. ಧಾರಾಳವಾಗಿ ಆಡುವ ಕೀಲುಗಳಲ್ಲಿ ಪ್ರತಿಯೊಂದೂ ಒಂದು ಕೊಟ್ಟು ಒಂದು ಪಡೆದ ಒಪ್ಪಂದ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ದುಂಡನೆಯ ತಲೆ ಆಳವಾದ ಗುಳಿಯಲ್ಲಿ ಕೂತಿರುತ್ತದೆ, ಮೈಭಾರ ಹೊರಲು ಹೇಳಿ ಮಾಡಿಸಿದ್ದು, ಸುಲಭಕ್ಕೆ ಜಾರುವುದಿಲ್ಲ. ಭುಜದ ಗುಳಿ ತೀರಾ ಮೇಲುಮೇಲಿನದು. ತೋಳು ಎತ್ತ ಬೇಕಾದರೂ ತಿರುಗಬೇಕಾದ್ದರಿಂದ ಅಲ್ಲಿ ಮೂಳೆಯ ಆಸರೆ ಕಡಿಮೆ, ಸುತ್ತಲಿನ ಸ್ನಾಯುಗಳೇ ತೋಳಿನ ತಲೆಯನ್ನು ಗುಳಿಗೆ ಒತ್ತಿ ಹಿಡಿಯಬೇಕು. ಬ್ಯಾರನ್ನಿನಲ್ಲಿ ತಲೆಯ ಮೇಲಕ್ಕೆ ಕಡ್ಡಿ ಎತ್ತುತ್ತಾ ಎತ್ತುತ್ತಾ ಭುಜ ಸೋಲುವುದು ಮೂಳೆ ತೇದದ್ದರಿಂದಲ್ಲ, ಆ ಹಿಡಿತದ ಸ್ನಾಯುಗಳು ದಣಿದದ್ದರಿಂದ. ಕೀಲು ಎಂದರೆ ಮೂಳೆಯ ತುದಿಗಳು ಮಾತ್ರ ಅಲ್ಲ, ಅದನ್ನು ಸುತ್ತಿದ ಚೀಲ, ಮೂಳೆಗೆ ಮೂಳೆ ಕಟ್ಟುವ ಅಸ್ಥಿರಜ್ಜು, ಆಚೀಚಿನ ಸ್ನಾಯು, ಸುದ್ದಿ ಮುಟ್ಟಿಸುವ ನರ, ಎಲ್ಲವೂ ಸೇರಿ ಕೀಲು.

ಮಂಡಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಶಾಲೆಯ ಪುಸ್ತಕದಲ್ಲಿ ಅದನ್ನು ಬಾಗಿಲಿನ ತಿರುಗಣಿಯ ಬಗೆಗೆ ಸೇರಿಸಿರುತ್ತಾರೆ. ಆದರೆ ತಿರುಗಣಿಗೆ ಒಂದೇ ಅಚ್ಚು, ಮಂಡಿಗೆ ಅಂಥ ಒಂದು ಅಚ್ಚು ಇಲ್ಲ. ಕಾಲು ಮಡಿಸುವಾಗ ತೊಡೆಮೂಳೆಯ ಎರಡು ಉಬ್ಬುಗಳು ಕೆಳಗಿನ ಮೂಳೆಯ ಚಪ್ಪಟೆ ತಲೆಯ ಮೇಲೆ ಉರುಳುತ್ತವೆ, ಉರುಳುತ್ತಲೇ ಜಾರುತ್ತವೆ. ತಿರುಗುವ ಕೇಂದ್ರ ಹೆಜ್ಜೆಹೆಜ್ಜೆಗೂ ಸರಿಯುತ್ತಿರುತ್ತದೆ. ಉಬ್ಬಿಗೂ ಚಪ್ಪಟೆಗೂ ಹೊಂದದ ಜಾಗದಲ್ಲಿ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳು ಕೂತು ಭಾರವನ್ನು ಹರಡುತ್ತವೆ. ಒಳಗೆ ಎರಡು ರಜ್ಜುಗಳು ಒಂದರ ಮೇಲೊಂದು ಅಡ್ಡ ಹಾಯ್ದು ಮೂಳೆಗಳು ಹಿಂದೆ ಮುಂದೆ ಜಾರದ ಹಾಗೆ ಕಟ್ಟಿ ಹಿಡಿಯುತ್ತವೆ. ಕಾಲನ್ನು ಪೂರ್ತಿ ನೆಟ್ಟಗೆ ಮಾಡುವ ಕೊನೆಯ ಗಳಿಗೆಯಲ್ಲಿ ನೆಲಕ್ಕೂರಿದ ಕಾಲಿನ ಮೇಲೆ ತೊಡೆಮೂಳೆ ಕೊಂಚ ಒಳಮುಖವಾಗಿ ತಿರುಗುತ್ತದೆ, ಕೀಲಿಗೆ ಬೀಗ ಬೀಳುತ್ತದೆ. ಗಂಟೆಗಟ್ಟಲೆ ನಿಂತರೂ ತೊಡೆ ಅಷ್ಟಾಗಿ ದಣಿಯದಿರುವುದು ಈ ಬೀಗದಿಂದ. ಮತ್ತೆ ಮಡಿಸುವ ಮೊದಲು ಮಂಡಿಯ ಹಿಂದಿನ ಒಂದು ಚಿಕ್ಕ ಸ್ನಾಯು ಎಳೆದು ಬೀಗ ತೆಗೆಯುತ್ತದೆ. ಇಷ್ಟೆಲ್ಲ ನಡೆಯುವುದು ಒಂದು ಹೆಜ್ಜೆಯಲ್ಲಿ. ಇದರ ಮೇಲೆ ಬೀಳುವ ಭಾರವನ್ನು ಬರ್ಲಿನ್ನಿನ ತಜ್ಞರು ನೇರವಾಗಿ ಅಳೆದಿದ್ದಾರೆ. ಅಳತೆಯ ಉಪಕರಣ ಅಡಗಿಸಿಟ್ಟ ಕೃತಕ ಮಂಡಿಯನ್ನು ಕೆಲವು ರೋಗಿಗಳಿಗೆ ಕೂರಿಸಿ ನಡೆಸಿದಾಗ, ಸಮತಟ್ಟು ನೆಲದಲ್ಲಿ ಮೈತೂಕದ ಸುಮಾರು 2.6 ಪಟ್ಟು, ಮೆಟ್ಟಿಲು ಇಳಿಯುವಾಗ ಸುಮಾರು 3.5 ಪಟ್ಟು ಭಾರ ಬಿದ್ದದ್ದು ಗೊತ್ತಾಯಿತು. ಅಷ್ಟು ಭಾರದಡಿಯಲ್ಲಿ ಸುಮ್ಮನೆ ಉಜ್ಜಾಡುವ ಯಾವ ವಸ್ತುವೂ ಎಪ್ಪತ್ತು ವರ್ಷ ಬಾಳುವುದಿಲ್ಲ. ಮಂಡಿ ಬಾಳುತ್ತದೆ. ಹೇಗೆ ಎಂಬುದರಲ್ಲಿಯೇ ನನ್ನ ವಾದದ ತಿರುಳಿದೆ.

ಮೂಳೆಯ ತುದಿಗೆ ನುಣುಪಾದ ಬಿಳಿಯ ಹೊದಿಕೆಯೊಂದಿದೆ, ಮೃದ್ವಸ್ಥಿ. ಬಹಳ ಕಡೆ ಅದರ ದಪ್ಪ 2ರಿಂದ 4 ಮಿಲಿಮೀಟರ್ ಅಷ್ಟೇ. ಅದರ ತೂಕದಲ್ಲಿ ಮುಕ್ಕಾಲು ಪಾಲು ನೀರು. ಕೊಲಾಜನ್ ಎಂಬ ನಾರುಗಳ ಬಲೆಯೊಳಗೆ ನೀರನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ಅಣುಗಳು ತುಂಬಿಕೊಂಡಿವೆ. ಭಾರ ಬಿದ್ದಾಗ ಮೊದಲು ಅದನ್ನು ಹೊರುವುದು ಈ ಬಂಧಿತ ನೀರು, ನಾರಲ್ಲ. ಎರಡು ಮೃದ್ವಸ್ಥಿಗಳ ನಡುವೆ ಕೀಲಿನ ಚೀಲ ಒಸರುವ ಅಂಟಂಟು ದ್ರವ ಇರುತ್ತದೆ, ಅಷ್ಟು ದೊಡ್ಡ ಮಂಡಿಯಲ್ಲೂ ಅದು ಚಮಚೆಗಿಂತ ಹೆಚ್ಚಿರುವುದಿಲ್ಲ. ಇವೆರಡೂ ಸೇರಿ ಉಂಟುಮಾಡುವ ಜಾರಿಕೆ ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತಲೂ ಸಲೀಸು ಎಂದು ಪ್ರಯೋಗಶಾಲೆಯ ಅಳತೆಗಳು ಹೇಳುತ್ತವೆ. ಈ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ನರವೂ ಇಲ್ಲ. ಆದರೂ ಒಳಗೆ ಜೀವಕೋಶಗಳಿವೆ, ಅವುಗಳಿಗೆ ಆಹಾರ ಬೇಕು. ಆಹಾರ ಬರುವುದು ಆ ದ್ರವದಿಂದ, ಅದೂ ಕೀಲು ಆಡಿದಾಗ. ಹೆಜ್ಜೆ ಊರಿದಾಗ ಮೃದ್ವಸ್ಥಿ ಒತ್ತಿಕೊಂಡು ಒಂದಿಷ್ಟು ನೀರನ್ನು ಹೊರಗೆ ಬಿಡುತ್ತದೆ, ಎತ್ತಿದಾಗ ಪೋಷಕಾಂಶ ಬೆರೆತ ದ್ರವವನ್ನು ಒಳಗೆ ಎಳೆದುಕೊಳ್ಳುತ್ತದೆ. ಊರುವುದು, ಎತ್ತುವುದು. ನಡಿಗೆ ಅಂದರೆ ಕೀಲಿನ ಪಾಲಿಗೆ ಊಟ. ಗಾಡಿಯ ಅಚ್ಚಿಗೂ ಮೈಯ ಕೀಲಿಗೂ ಇರುವ ವ್ಯತ್ಯಾಸವೆಲ್ಲ ಇಲ್ಲಿದೆ.

ಇದು ಬರೀ ತರ್ಕವಾಗಿದ್ದರೆ ನಂಬಬೇಕಾಗಿರಲಿಲ್ಲ, ಆಧಾರಗಳೂ ಇವೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಚಲನೆ ಕಳೆದುಕೊಂಡವರ ಮಂಡಿಗಳನ್ನು ಎಂಆರ್‌ಐನಲ್ಲಿ ನೋಡಿದಾಗ ಒಂದೆರಡು ವರ್ಷಗಳಲ್ಲಿ ಮೃದ್ವಸ್ಥಿ ಶೇ. 10ಕ್ಕೂ ಹೆಚ್ಚು ತೆಳುವಾಗಿರುವುದು ಕಂಡಿತು. ಉಜ್ಜಾಟವೇ ಇಲ್ಲದ ಮಂಡಿ ತೆಳುವಾಯಿತು. ಇನ್ನು ಓಡುವವರ ಕಥೆ. ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಕೆಟ್ಟವರು ಶೇ. 3.5, ಓಡದೆ ಕೂತೇ ಇರುವವರಲ್ಲಿ ಶೇ. 10.2, ಪೈಪೋಟಿಯ ಓಟಗಾರರಲ್ಲಿ ಶೇ. 13.3. ಈ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಕೂತವರಿಗಿಂತ ಹದವಾಗಿ ಓಡಿದವರ ಕೀಲು ಚೆನ್ನ, ಹದ ಮೀರಿದವರದ್ದು ಕೂತವರಿಗಿಂತ ಕಡೆ. ಅದೇ ವರ್ಷ ಹಾರ್ವರ್ಡ್‌ನ ಇಯಾನ್ ವ್ಯಾಲೇಸ್ ಮತ್ತು ಸಂಗಡಿಗರು ಅಮೆರಿಕದ ಎರಡೂವರೆ ಸಾವಿರಕ್ಕೂ ಹೆಚ್ಚು ಅಸ್ಥಿಪಂಜರಗಳ ಮಂಡಿಗಳನ್ನು ನೋಡಿ ವರದಿ ಮಾಡಿದರು. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಈಚೆಗೆ ಮಂಡಿ ಕೆಡುವ ರೋಗ ಎರಡು ಪಟ್ಟಾಗಿದೆ, ಆಯಸ್ಸು ಹೆಚ್ಚಿದ್ದನ್ನೂ ತೂಕ ಹೆಚ್ಚಿದ್ದನ್ನೂ ಲೆಕ್ಕದಿಂದ ಕಳೆದರೂ ಅಷ್ಟೇ. ಬೇಟೆಯಾಡಿ, ನೆಲ ಅಗೆದು ಬದುಕಿದ ಪ್ರಾಚೀನರ ಮಂಡಿಗಳು ಕಾರಿನ ಕಾಲದವರ ಮಂಡಿಗಳಿಗಿಂತ ಗಟ್ಟಿಯಾಗಿದ್ದವು. ದುಡಿದು ಸವೆಯುವುದೇ ನಿಜವಾಗಿದ್ದರೆ ಈ ಲೆಕ್ಕ ತಿರುಗಾಮುರುಗಾ ಇರಬೇಕಿತ್ತು.

ಇಲ್ಲಿ ಯಾರಾದರೂ ತಡೆದು ಕೇಳಬಹುದು, ಕೇಳಲೇಬೇಕು: ಹಾಗಿದ್ದರೆ ಬೆಳಗಾಗೆದ್ದು ಗದ್ದೆಯಲ್ಲೇ ಇರುವ ನಮ್ಮ ಹೆಣ್ಣುಮಕ್ಕಳ ಮಂಡಿ ಯಾಕೆ ಇಷ್ಟು ಬೇಗ ಸೋಲುತ್ತದೆ? ಅವರಿಗಿಂತ ಹೆಚ್ಚು ಆಡಿಸುವವರು ಯಾರು? ಈ ಆಕ್ಷೇಪಣೆಗೆ ಬೀಜಿಂಗ್ ನಗರದಲ್ಲಿ ನಡೆದ ಅಧ್ಯಯನದಿಂದ ಒಂದು ದಾರಿ ಸಿಗುತ್ತದೆ. ಅಲ್ಲಿಯ ಹಿರಿಯರನ್ನು ಅಮೆರಿಕದ ಬಿಳಿಯರ ಜೊತೆ ಹೋಲಿಸಿದಾಗ, ಸೊಂಟದ ಕೀಲು ಕೆಟ್ಟವರು ಚೀನಿಯರಲ್ಲಿ ಬಹಳ ಕಡಿಮೆ, ಮಂಡಿ ಕೆಟ್ಟ ಹೆಂಗಸರು ಮಾತ್ರ ಅಮೆರಿಕದವರಿಗಿಂತ ಹೆಚ್ಚು. ಒಂದೇ ಜನ, ಒಂದೇ ಬದುಕು, ಎರಡು ಕೀಲುಗಳಿಗೆ ಎರಡು ಫಲ. ಹರೆಯದಲ್ಲಿ ದಿನಕ್ಕೆ ಹಲವು ಗಂಟೆ ಕುಕ್ಕರುಗಾಲಿನಲ್ಲಿ ಕುಳಿತವರಲ್ಲಿ ಮಂಡಿರೋಗ ಹೆಚ್ಚೆಂದೂ ಆ ಅಧ್ಯಯನ ಕಂಡುಕೊಂಡಿತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಮಂಡಿ ಬಗ್ಗಿಸಿ ಭಾರದ ಕೆಲಸ ಮಾಡುತ್ತಿದ್ದ ಗಂಡಸರಲ್ಲೂ ರೋಗ ಹತ್ತಿರಹತ್ತಿರ ಎರಡು ಪಟ್ಟು. ಅಂದರೆ ಎಷ್ಟು ಆಡಿಸಿದೆವು ಎಂಬುದಕ್ಕಿಂತ ಹೇಗೆ, ಯಾವ ಕೋನದಲ್ಲಿ, ಎಷ್ಟು ಹೊತ್ತು ಬಿಡದೆ ಎಂಬುದೇ ಮುಖ್ಯ.

ನಮ್ಮ ಕೆಲಸಗಳನ್ನು ಈ ಕಣ್ಣಿನಿಂದ ನೋಡಿದರೆ ಬೇಕಾದಷ್ಟು ಅರ್ಥವಾಗುತ್ತದೆ. ಕುಕ್ಕರುಗಾಲಿನಲ್ಲಿ ಕುಳಿತು ಶುಂಠಿ ಮಡಿಯ ಕಳೆ ತೆಗೆಯುವಾಗ ಮಂಡಿ ಪೂರ್ತಿ ಮಡಿಚಿರುತ್ತದೆ. ಭಾರವೆಲ್ಲ ತೊಡೆಮೂಳೆಯ ಹಿಂಬದಿಯ ಸಣ್ಣ ಜಾಗದ ಮೇಲೆ, ಮಂಡಿಚಿಪ್ಪಿನ ಹಿಂದೆ ಒತ್ತಿ ಕೂರುತ್ತದೆ. ಊರುವುದು ಇದೆ, ಎತ್ತುವುದು ಇಲ್ಲ. ಚಲಿಸುತ್ತಿದ್ದಾರೆ ಎಂದು ಹೊರಗಿನವರಿಗೆ ಕಾಣುತ್ತದೆ, ಆದರೆ ಚಲಿಸುತ್ತಿರುವುದು ಕೈ. ಮಂಡಿ ಗಂಟೆಗಟ್ಟಲೆ ಒಂದೇ ಕೋನದಲ್ಲಿ ಭಾರ ಹೊತ್ತು ಉಪವಾಸ ಕೂತಿದೆ. ನಾಟಿಯಲ್ಲಿ ಬೇರೆ ಕಷ್ಟ. ಅಲ್ಲಿ ಮಂಡಿ ಹೆಚ್ಚು ಮಡಿಯುವುದಿಲ್ಲ, ಸೊಂಟದಿಂದ ಬಾಗಿ ಸರಿಯುತ್ತಾ ಹೋಗುತ್ತಾರೆ. ಮೈಯ ಮೇಲರ್ಧದ ಭಾರವನ್ನು ಬೆನ್ನಿನ ಸ್ನಾಯುಗಳು ಒಂದೇ ಸಮನೆ ಹಿಡಿದಿರಬೇಕು. ಕೆಸರಿನಿಂದ ಪಾದ ಕೀಳುವಾಗ ಪಾದ ಕಚ್ಚಿಕೊಂಡಿರುತ್ತದೆ, ಮೈ ಆಗಲೇ ಪಕ್ಕಕ್ಕೆ ತಿರುಗಿರುತ್ತದೆ, ಆ ತಿರುಚು ಬೀಳುವುದು ಮಂಡಿಗೆ. ಇಂಥ ಕೆಲಸ ಮುಗಿಸಿ ಸಂಜೆ ತಲೆಯ ಮೇಲೆ ಹೊರೆ ಹೊತ್ತು ಬರುವಾಗ ತೊಡೆಯ ಸ್ನಾಯುಗಳು ದಣಿದಿರುತ್ತವೆ, ಹೆಜ್ಜೆಯ ಪೆಟ್ಟನ್ನು ಹೀರಿಕೊಳ್ಳಬೇಕಾದ ಅವೇ ಕೈಬಿಟ್ಟ ಮೇಲೆ ಪೆಟ್ಟು ನೇರವಾಗಿ ಕೀಲಿಗೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತ ಮೇಲೆ ಈ ರೋಗ ಹೆಚ್ಚು ಎಂಬುದೂ ಇದಕ್ಕೆ ಸೇರುತ್ತದೆ. ಆದ್ದರಿಂದ ಗದ್ದೆಯ ಹೆಣ್ಣುಮಕ್ಕಳ ನೋವು ನನ್ನ ವಾದವನ್ನು ಮುರಿಯುವುದಿಲ್ಲ. ಅವರಿಗೆ ಕೆಲಸ ಹೆಚ್ಚು ಸಿಕ್ಕಿದೆ, ಕೀಲಿಗೆ ಬೇಕಾದ ಬಗೆಬಗೆಯ ಚಲನೆಯೂ ಬಿಡುವೂ ಸಿಕ್ಕಿಲ್ಲ.

ಸವೆತದ ಮಾತಿಗೆ ಇನ್ನೊಂದು ಕಡೆಯಿಂದಲೂ ಪೆಟ್ಟು ಬಿದ್ದಿದೆ. ಮೈತೂಕ ಹೆಚ್ಚಾದವರಿಗೆ ಮಂಡಿನೋವು ಬರುವುದು ಭಾರದಿಂದ ಎಂದು ಸುಲಭವಾಗಿ ಹೇಳಬಹುದು, ಅದು ನಿಜವೂ ಹೌದು. ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಅಮೆರಿಕದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಆದರೆ ದಪ್ಪ ಮೈಯವರಲ್ಲಿ ಕೈಬೆರಳಿನ ಕೀಲುಗಳು ಕೆಡುವುದೂ ಹೆಚ್ಚು. ಬೆರಳಿನ ಮೇಲೆ ಯಾರೂ ನಡೆಯುವುದಿಲ್ಲವಲ್ಲ! ಕೊಬ್ಬಿನ ಅಂಗಾಂಶ ರಕ್ತಕ್ಕೆ ಬಿಡುವ ಉರಿಯೂತದ ರಾಸಾಯನಿಕಗಳು ಎಲ್ಲೆಡೆಯ ಕೀಲುಗಳನ್ನೂ ತಟ್ಟುತ್ತವೆ ಎಂಬುದು ಈಗಿನ ತಿಳಿವಳಿಕೆ. ಎಕ್ಸ್‌ರೇ ಹಿಡಿದು ಡಾಕ್ಟರು ಸವೆದಿದೆ ಎಂದಾಗ ಎದೆ ಧಸಕ್ ಎನ್ನುತ್ತದೆ, ಆದರೆ ಚಿತ್ರಕ್ಕೂ ನೋವಿಗೂ ಇರುವ ನಂಟು ನಾವು ತಿಳಿದಷ್ಟು ಬಿಗಿಯಲ್ಲ. ಫ್ರೇಮಿಂಗ್‌ಹ್ಯಾಮ್‌ನಲ್ಲೇ ಐವತ್ತು ದಾಟಿದ, ಎಕ್ಸ್‌ರೇಯಲ್ಲಿ ಮಂಡಿ ಸರಿಯಿದ್ದ 710 ಜನರಿಗೆ ಎಂಆರ್‌ಐ ಮಾಡಿದಾಗ ಶೇ. 89 ಮಂದಿಯಲ್ಲಿ ಏನಾದರೊಂದು ಊನ ಕಂಡಿತು. ಅವರಲ್ಲಿ ಬಹಳ ಜನರಿಗೆ ನೋವಿರಲಿಲ್ಲ. ನೆಟಿಗೆ ಮುರಿದರೆ ಕೀಲು ಸವೆಯುತ್ತದೆ ಎಂದು ಅಜ್ಜಿಯರು ಗದರಿಸುತ್ತಾರೆ. ಕ್ಯಾಲಿಫೋರ್ನಿಯಾದ ಡೊನಾಲ್ಡ್ ಉಂಗರ್ ಎಂಬ ವೈದ್ಯರು ಐವತ್ತು ವರ್ಷ ಎಡಗೈಯ ನೆಟಿಗೆ ಮಾತ್ರ ಮುರಿದು, ಬಲಗೈ ಬಿಟ್ಟು, ಕೊನೆಗೆ ಎರಡೂ ಕೈಗಳಲ್ಲಿ ವ್ಯತ್ಯಾಸವಿಲ್ಲವೆಂದು 1998ರಲ್ಲಿ ಬರೆದರು. ಒಬ್ಬರ ಕೈ ಸಾಕ್ಷಿಗೆ ಸಾಲದು, ನಿಜ. ಆದರೂ ಕೀಲಿನಲ್ಲಿ ಬರುವ ಸದ್ದೆಲ್ಲ ತೇಯುವ ಸದ್ದಲ್ಲ.

ವಿಷಯ ಬಲ್ಲವರು ಎತ್ತುವ ಗಟ್ಟಿ ಆಕ್ಷೇಪಣೆ ಬೇರೆ ಇದೆ. ಮೃದ್ವಸ್ಥಿ ಒಮ್ಮೆ ನಾಶವಾದರೆ ಮತ್ತೆ ಬೆಳೆಯದು ಎಂದು ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಸೇರಿಸಿದ ಇಂಗಾಲದ ಗುರುತನ್ನು ಹಿಡಿದು ಡೆನ್ಮಾರ್ಕಿನ ವಿಜ್ಞಾನಿಗಳು 2016ರಲ್ಲಿ ಅದನ್ನು ಇನ್ನಷ್ಟು ಖಚಿತಪಡಿಸಿದರು. ಮಂಡಿಯ ಮೃದ್ವಸ್ಥಿಯ ಕೊಲಾಜನ್ ಹರೆಯ ಮುಗಿಯುವಷ್ಟರಲ್ಲಿ ಕಟ್ಟಿ ಮುಗಿದಿರುತ್ತದೆ, ಆಮೇಲೆ ಹೊಸದಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದ ಮೇಲೆ ಇದ್ದದ್ದನ್ನು ಜೋಪಾನ ಮಾಡುವುದೇ ಜಾಣತನವಲ್ಲವೇ? ಹೌದು, ಬಲೆಯ ಎಳೆ ಹೊಸದಾಗುವುದಿಲ್ಲ. ಆದರೆ ಬಲೆಯೊಳಗೆ ನೀರು ಹಿಡಿದಿಡುವ ಅಣುಗಳು ಹೊಸದಾಗುತ್ತಲೇ ಇರುತ್ತವೆ, ಎಳೆಯನ್ನು ಕಾಯುವುದೇ ಆ ನೀರು. ಮಂಡಿಯ ಮೆತ್ತೆಯ ಶಸ್ತ್ರಚಿಕಿತ್ಸೆಯಾಗಿ ಮುಂದೆ ರೋಗ ಬರುವ ಅಪಾಯದಲ್ಲಿದ್ದ ಸ್ವೀಡನ್ನಿನ 45 ಮಂದಿಯಲ್ಲಿ ಕೆಲವರಿಗೆ ನಾಲ್ಕು ತಿಂಗಳು ಹದವಾದ ವ್ಯಾಯಾಮ ಕೊಟ್ಟು ನೋಡಿದಾಗ, ವ್ಯಾಯಾಮ ಮಾಡಿದವರ ಮೃದ್ವಸ್ಥಿಯಲ್ಲಿ ಈ ಅಣುಗಳ ಪ್ರಮಾಣ ಸುಧಾರಿಸಿದ್ದು ಚಿತ್ರದಲ್ಲಿ ಕಂಡಿತು. ಮರಳಿ ಬೆಳೆಯದ ಎಳೆಯನ್ನು ಉಳಿಸಬೇಕೆಂದರೆ ಅದರ ಸುತ್ತಲಿನ ಜೀವ ಉಳಿಯಬೇಕು, ಆ ಜೀವಕ್ಕೆ ಚಲನೆ ಬೇಕು. ಹಂಟರ್ ಅವರ ಮಾತು ಸರಿ, ಅದರಿಂದ ನಾವು ಎಳೆದುಕೊಂಡ ಬುದ್ಧಿವಾದ ಸರಿಯಿಲ್ಲ.

ನಡೆದರೆ ನೋವು ಹೆಚ್ಚುತ್ತದಲ್ಲ, ಅದು ನಿಲ್ಲಿಸು ಎಂದು ಮೈ ಹೇಳುವುದಲ್ಲವೇ ಎನ್ನುವವರಿಗೂ ಉತ್ತರ ಕೊಡಬೇಕು. ಮೃದ್ವಸ್ಥಿಗೆ ನರವಿಲ್ಲ ಎಂದೆನಲ್ಲ, ನೋವು ಹುಟ್ಟುವುದು ಊದಿಕೊಂಡ ಚೀಲದಲ್ಲಿ, ಅಡಿಯ ಮೂಳೆಯಲ್ಲಿ, ಬಿಗಿದ ಸ್ನಾಯುವಿನಲ್ಲಿ. ಬಹುದಿನ ಆಡಿಸದ ಮಂಡಿಯನ್ನು ಆಡಿಸಲು ಹೋದರೆ ಮೊದಲ ವಾರಗಳಲ್ಲಿ ಸ್ವಲ್ಪ ನೋಯುವುದು ಸಹಜ, ಅದರಿಂದ ಕೀಲು ಮತ್ತಷ್ಟು ಹಾಳಾಗುತ್ತಿದೆ ಎಂದಲ್ಲ. ಮಾರನೆಯ ದಿನಕ್ಕೆ ಇಳಿಯುವ ನೋವು ಸಹಿಸಬಹುದಾದದ್ದು. ರಾತ್ರಿಯೆಲ್ಲ ಕಾಡಿ ಬೆಳಗಿಗೆ ಮಂಡಿ ಊದಿಕೊಂಡಿದ್ದರೆ ಮಾಡಿದ್ದು ಹೆಚ್ಚಾಯಿತು, ಅಳತೆ ಇಳಿಸಬೇಕು. 2015ರ ಹೊತ್ತಿಗೆ ಮಂಡಿಯ ವ್ಯಾಯಾಮದ ಬಗ್ಗೆ ನಡೆದಿದ್ದ 54 ಪ್ರಯೋಗಗಳನ್ನು ಕೊಕ್ರೇನ್ ಸಂಸ್ಥೆ ಒಟ್ಟಿಗೆ ಪರಿಶೀಲಿಸಿ, ವ್ಯಾಯಾಮದಿಂದ ನೋವು ಇಳಿಯುತ್ತದೆ ಎಂದು ಹೇಳಿತು. ಆ ವ್ಯಾಯಾಮವೂ ದೊಡ್ಡದಲ್ಲ. ಎತ್ತರದ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ಮಲಗಿ ತೊಡೆ ಬಿಗಿದು ಕಾಲನ್ನು ನೆಟ್ಟಗೆ ಎತ್ತಿ ಎಣಿಸುವುದು, ಸಮ ನೆಲದಲ್ಲಿ ನಡೆಯುವುದು. ತೊಡೆಯ ಮುಂಭಾಗದ ಸ್ನಾಯು ಬಲವಾದಷ್ಟೂ ಮಂಡಿಗೆ ನೆಮ್ಮದಿ.

ಎಲ್ಲ ಕೀಲುನೋವಿಗೂ ಇದೇ ಮದ್ದು ಎಂದು ಹೊರಟರೆ ಅದು ಅಪಾಯದ ಮಾತಾಗುತ್ತದೆ. ಶಿವಮೊಗ್ಗ ಜಿಲ್ಲೆ ಸಾಗರದ ಹತ್ತಿರದ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ನಡುವಿನಲ್ಲಿ ಬೆಳಕಿಗೆ ಬಂದ ಕಾಯಿಲೆ ನಮ್ಮ ರಾಜ್ಯದ್ದೇ ಉದಾಹರಣೆ. ಬಡ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿಯ ಕೀಲುಗಳು ಎಳೆಯ ವಯಸ್ಸಿನಲ್ಲೇ ಕೆಟ್ಟು ಜನ ತೆವಳುವ ಸ್ಥಿತಿಗೆ ಬಂದರು. ಗದ್ದೆಗೆ ಹೊಡೆದ ಔಷಧಿ, ಅಲ್ಲಿ ಹಿಡಿದು ತಿಂದ ಏಡಿ ಎಂದೆಲ್ಲ ಶಂಕೆ ಎದ್ದಿತ್ತು. ಮುಂದಿನ ಅಧ್ಯಯನಗಳು ಅದು ವಂಶವಾಹಿಯ ದೋಷ, ಮೂಳೆಯ ತುದಿಗಳೇ ಹುಟ್ಟಿನಿಂದ ಸರಿಯಾಗಿ ರೂಪುಗೊಳ್ಳದ ಕಾಯಿಲೆ ಎಂದು ತೋರಿಸಿದವು. ಹೆಗ್ಗಡದೇವನಕೋಟೆಯ ಕಾಡಂಚಿನ ಬುಡಕಟ್ಟು ಹಾಡಿಗಳಲ್ಲಿ ಕಾಣುವ ಸಿಕಲ್ ಸೆಲ್ ರಕ್ತಹೀನತೆಯಲ್ಲಿ ಕುಡುಗೋಲಿನಾಕಾರಕ್ಕೆ ಬಾಗಿದ ರಕ್ತಕಣಗಳು ಸಿಕ್ಕಿಹಾಕಿಕೊಂಡು ತೊಡೆಮೂಳೆಯ ತಲೆಗೆ ರಕ್ತ ನಿಂತು, ಅದು ಒಳಗೊಳಗೇ ಕುಸಿಯಬಹುದು. ಹರೆಯದವರು ಸೊಂಟನೋವು ಎಂದರೆ ಅಲ್ಲಿ ರಕ್ತ ಪರೀಕ್ಷೆ ಮೊದಲು ಆಗಬೇಕು. ಸಿಕಲ್ ಸೆಲ್ ನಿರ್ಮೂಲನೆಗೆಂದು 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಇದೆ. ರುಮಟಾಯ್ಡ್ ಸಂಧಿವಾತದಲ್ಲಿ ಮೈಯ ರಕ್ಷಣಾ ಪಡೆಯೇ ಕೀಲಿನ ಚೀಲದ ಮೇಲೆ ಬೀಳುತ್ತದೆ. ಬೆಳಗ್ಗೆ ಎದ್ದಾಗ ಎರಡೂ ಕೈಗಳ ಬೆರಳು ಗಂಟೆಗಟ್ಟಲೆ ಬಿಗಿದಿದ್ದರೆ ಅದನ್ನು ವಾಯು ಎಂದು ತಳ್ಳಿಹಾಕದೆ ತಡಮಾಡದೆ ತಜ್ಞರಿಗೆ ತೋರಿಸಬೇಕು, ಇದಕ್ಕೆ ಬೇಗ ಕೊಟ್ಟ ಔಷಧಿಯೇ ಕೀಲನ್ನು ಉಳಿಸುತ್ತದೆ. 2006ರಲ್ಲಿ ರಾಜ್ಯದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತರನ್ನು ಹಾಸಿಗೆಗೆ ಹಿಡಿಸಿದ ಚಿಕೂನ್‌ಗುನ್ಯ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಕೀಲುನೋವು ಬಿಟ್ಟುಹೋಗಿತ್ತು. ಜ್ವರದ ಜೊತೆ ಒಂದೇ ಕೀಲು ಕೆಂಪಗೆ ಊದಿ ಮುಟ್ಟಗೊಡದಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು, ಒಳಗೆ ಕೀವು ಇರಬಹುದು. ಇವನ್ನೆಲ್ಲ ಬಿಟ್ಟು ಉಳಿಯುವ, ವಯಸ್ಸಾದವರ ಸಾಮಾನ್ಯ ಮಂಡಿನೋವೇ ಸಂಖ್ಯೆಯಲ್ಲಿ ಬಹಳ ದೊಡ್ಡದು, ನನ್ನ ಮಾತೆಲ್ಲ ಅದರ ಬಗ್ಗೆ.

ಸವೆತದ ನಂಬಿಕೆ ಬೇರೂರಿದ ಕಡೆ ಅದಕ್ಕೆ ತಕ್ಕ ಮಾರುಕಟ್ಟೆಯೂ ಬೆಳೆಯುತ್ತದೆ. ಹೆಸರಿಲ್ಲದ ಪೊಟ್ಟಣದ ಪುಡಿ, ಸಂತೆಯ ದಿನ ಹಾಕಿಸಿಕೊಳ್ಳುವ ಇಂಜೆಕ್ಷನ್ ಎರಡೇ ದಿನಕ್ಕೆ ನೋವು ಕಳೆದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದೇ ಎಂದು ಕೇಳಬೇಕು. 2017ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 140 ಜನರಿಗೆ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಮಂಡಿಗೆ ಚುಚ್ಚಲಾಯಿತು, ಕೆಲವರಿಗೆ ಸ್ಟೀರಾಯ್ಡ್, ಮಿಕ್ಕವರಿಗೆ ಉಪ್ಪುನೀರು. ಕೊನೆಯಲ್ಲಿ ನೋವಿನಲ್ಲಿ ವ್ಯತ್ಯಾಸವಿರಲಿಲ್ಲ, ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿ ಮಾತ್ರ ಹೆಚ್ಚು ಕರಗಿತ್ತು. ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವ ನೋವಿನ ಮಾತ್ರೆ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ತಿನ್ನುತ್ತದೆ. ದುರ್ಬೀನು ತೂರಿಸಿ ಮಂಡಿಯೊಳಗನ್ನು ತೊಳೆದು ನುಣುಪು ಮಾಡುವ ಚಿಕಿತ್ಸೆ ಒಂದು ಕಾಲಕ್ಕೆ ಬಹಳ ನಡೆಯುತ್ತಿತ್ತು. ಟೆಕ್ಸಾಸ್‌ನ ವೈದ್ಯರು 180 ಜನರಲ್ಲಿ ಕೆಲವರಿಗೆ ನಿಜವಾದ ಚಿಕಿತ್ಸೆ ಮಾಡಿ, ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದು 2002ರಲ್ಲಿ ಫಲ ಪ್ರಕಟಿಸಿದರು: ಎರಡೂ ಗುಂಪಿನವರ ಸ್ಥಿತಿ ಒಂದೇ. ತೇದ ಜಾಗವನ್ನು ನಯಗೊಳಿಸಿದರೆ ಸರಿಹೋಗುತ್ತದೆ ಎಂಬುದು ಅಚ್ಚಿನ ತರ್ಕವೇ, ಅದು ಇಲ್ಲಿ ಸೋತಿತು.

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪಣೆ ಉಳಿಯುತ್ತದೆ, ನನಗೆ ಎಲ್ಲಕ್ಕಿಂತ ಭಾರವಾಗಿ ಕಾಣುವುದು ಅದೇ. ದಿನಗೂಲಿಯವರಿಗೆ ನಡುನಡುವೆ ಎದ್ದು ನಿಲ್ಲಿ, ಬಗೆಬಗೆಯಾಗಿ ಆಡಿಸಿ, ವ್ಯಾಯಾಮ ಮಾಡಿ ಎಂದರೆ ಅದು ಉಂಡವರ ಉಪದೇಶವಾಗುವುದಿಲ್ಲವೇ? ಗುತ್ತಿಗೆ ನಾಟಿಯಲ್ಲಿ ನಿಂತಷ್ಟು ಹೊತ್ತು ಕೂಲಿ ಕಡಿಮೆ. ಈ ಮಾತು ನಿಜ. ಅದಕ್ಕಾಗಿಯೇ ಬದಲಾಗಬೇಕಾದ್ದು ಕೂಲಿಯವರ ಶಿಸ್ತಲ್ಲ, ಕೆಲಸದ ಏರ್ಪಾಡು. ಉದ್ದ ಹಿಡಿಯ ಕಳೆ ತೆಗೆಯುವ ಸಾಧನ ಇದ್ದರೆ ಶುಂಠಿ, ರಾಗಿ ಹೊಲದಲ್ಲಿ ನಿಂತು, ನಡೆಯುತ್ತ ಕೆಲಸ ಮಾಡಬಹುದು, ಮಂಡಿಗೆ ಊರುವುದೂ ಎತ್ತುವುದೂ ಎರಡೂ ಸಿಗುತ್ತವೆ. ಸಾಲು ನಾಟಿಯ ಗದ್ದೆಯಲ್ಲಿ ಕೋನೋ ವೀಡರ್ ಎಂಬ ಕಳೆ ಸಾಧನ ತಳ್ಳುವಾಗಲೂ ಹಾಗೆಯೇ. ಹೊಗೆಸೊಪ್ಪಿನ ಗ್ರೇಡಿಂಗ್‌ಗೆ ನೆಲದ ಬದಲು ಗೇಣೆತ್ತರದ ಮಣೆ, ಸಾಧ್ಯವಾದರೆ ಮೇಜು ಹಾಕಿದರೆ ಖರ್ಚು ಅಲ್ಪ. ಕಡ್ಡಿ ಕಟ್ಟುವವರೂ ಹೊರುವವರೂ ಅರ್ಧ ದಿನಕ್ಕೊಮ್ಮೆ ಕೆಲಸ ಅದಲುಬದಲು ಮಾಡಿಕೊಂಡರೆ ಖರ್ಚೇ ಇಲ್ಲ. ಹೊಗೆಸೊಪ್ಪಿನ ಕಂಪನಿ, ಮಂಡಳಿಗಳು ಎಲೆಯ ಗುಣಮಟ್ಟಕ್ಕೆ ಹೊಲಕ್ಕೇ ಬಂದು ಹೇಳಿಕೊಡುತ್ತವೆ. ಆ ಎಲೆ ಮುರಿಯುವವರ ಬೆನ್ನು, ಮಂಡಿಯ ವಿಷಯವನ್ನೂ ಅದೇ ಜಗಲಿಯಲ್ಲಿ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಡಿ ಹಿಡಿದುಕೊಂಡು ಬಂದವರಿಗೆ ಮಾತ್ರೆಯ ಚೀಟಿಯ ಜೊತೆಗೆ ಹತ್ತು ನಿಮಿಷ ಕೂರಿಸಿ ತೊಡೆ ಬಲಪಡಿಸುವುದನ್ನು ಮಾಡಿ ತೋರಿಸುವ ಒಬ್ಬ ಫಿಸಿಯೋಥೆರಪಿಸ್ಟ್ ಇರಬೇಕೆಂದು ಜನ ಕೇಳುವುದು ನ್ಯಾಯ.

ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ನಾನು ಹಳಿಯುತ್ತಿಲ್ಲ. ನಿದ್ದೆಗೆಡಿಸುವ ನೋವಿಗೆ, ಬಾಗಿದ ಕಾಲಿಗೆ ಅದು ದೊಡ್ಡ ವರ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಬೆಲೆ ಪ್ರಾಧಿಕಾರ ಮಿತಿ ಹಾಕಿದ ಮೇಲೆ, ಒಂದೂವರೆ ಲಕ್ಷ ದಾಟಿದ್ದ ಸಾಮಾನ್ಯ ಬಗೆಯ ಕೃತಕ ಮಂಡಿಯ ಬೆಲೆ 54,720 ರೂಪಾಯಿಗೆ ಇಳಿದು ಮೈಸೂರಿಗೆ ಹೋಗುವ ಮಧ್ಯಮ ವರ್ಗದವರಿಗಾದರೂ ಎಟುಕುವಂತಾಯಿತು. ಆದರೆ ಅದರ ಸರದಿ ಯಾವಾಗ ಎಂಬುದಕ್ಕೆ ಡೆನ್ಮಾರ್ಕಿನ 2015ರ ಪ್ರಯೋಗ ನೋಡಬೇಕು. ಮಂಡಿ ಬದಲಿಸಲು ಯೋಗ್ಯರೆಂದು ತೀರ್ಮಾನವಾಗಿದ್ದ ನೂರು ಜನರಲ್ಲಿ ಅರ್ಧ ಜನರಿಗೆ ಶಸ್ತ್ರಚಿಕಿತ್ಸೆಯ ಜೊತೆ ವ್ಯಾಯಾಮ, ಇನ್ನರ್ಧ ಜನರಿಗೆ ಹನ್ನೆರಡು ವಾರಗಳ ವ್ಯಾಯಾಮ, ತೂಕ ಇಳಿಸುವ ಊಟ, ತಿಳಿವಳಿಕೆ ಮಾತ್ರ. ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯಾದವರು ಹೆಚ್ಚು ಸುಧಾರಿಸಿದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಎರಡನೆಯ ಗುಂಪಿನಲ್ಲೂ ಮೂರರಲ್ಲಿ ಎರಡು ಪಾಲು ಜನರಿಗೆ ಗಮನಾರ್ಹ ಸುಧಾರಣೆಯಾಗಿತ್ತು. ಆ ಐವತ್ತು ಮಂದಿಯಲ್ಲಿ ವರ್ಷದೊಳಗೆ ಮಂಡಿ ಬದಲಿಸಿಕೊಂಡವರು ಹದಿಮೂರೇ ಜನ. ಬದಲಿಸಿದವರನ್ನೂ ಈಗ ವೈದ್ಯರು ಹಾಸಿಗೆಯಲ್ಲಿ ಮಲಗಿಸಿಡುವುದಿಲ್ಲ. ಸಾಮಾನ್ಯವಾಗಿ ಅಂದೇ ಅಥವಾ ಮಾರನೆಯ ದಿನವೇ ವಾಕರ್ ಕೈಗೆ ಕೊಟ್ಟು, ಹೊಸ ಮಂಡಿಯ ಮೇಲೆ ಭಾರ ಬಿಟ್ಟು, ನಡೆಸುತ್ತಾರೆ.